ಕೈ ಆಡಿಸಿದರೆ ಮಾತು ಬರಲ್ವಾ?

ಕಿವಿ ಕೇಳದ ಮಗುವಿನ ಅಪ್ಪ ಅಮ್ಮನಿಗೆ ಒಂದು ಬುದ್ಧಿಮಾತು ಬೇಗನೇ ಸಿಗುತ್ತದೆ. "ಕೈಸನ್ನೆ ಮಾಡಬೇಡಿ. ಕೈ ಆಡಿಸೋದು ಅಭ್ಯಾಸ ಆದ್ರೆ ಮಗು ಮಾತಾಡೋದೇ ಇಲ್ಲ." ಹೇಳುವವರು ಡಾಕ್ಟರ್ ಇರಬಹುದು, ಥೆರಪಿಸ್ಟ್ ಇರಬಹುದು, ಪಕ್ಕದ ಮನೆಯವರೂ ಇರಬಹುದು. ನಮ್ಮ ಅಕ್ಕನಿಗೆ ಹೇಳಿದ್ದು ಒಂದು ಕ್ಲಿನಿಕ್ಕಿನಲ್ಲಿ. ಮಗನಿಗೆ ಆಗ ಎರಡು ವರ್ಷ ತುಂಬಿತ್ತು. ಕಿವಿ ಎಷ್ಟು ಕೇಳುತ್ತೆ ಅಂತ ಅಳೆಯುವ ಬೆರಾ ಟೆಸ್ಟಿನ ರಿಪೋರ್ಟ್ ಬಂದಿತ್ತು. ಎರಡೂ ಕಿವಿಯಲ್ಲಿ 90 ಡೆಸಿಬಲ್‌ಗಿಂತ ಜಾಸ್ತಿ ನಷ್ಟ. ಅಂದರೆ ಹಿಂದೆ ನಿಂತು ತಟ್ಟೆ ಬಡಿದರೂ ತಿರುಗಿ ನೋಡದಷ್ಟು. ಅವತ್ತಿನಿಂದ ಅಕ್ಕ ಮಗನ ಎದುರು ಕೈ ಕಟ್ಟಿಕೊಂಡೇ ಮಾತಾಡಲು ಶುರು ಮಾಡಿದಳು. "ಬಾ" ಅಂತ ಕರೆಯುವಾಗಲೂ ಕೈ ಎತ್ತುತ್ತಿರಲಿಲ್ಲ. ಯಾವ ತಾಯಿಯಾದರೂ ಹಾಗೆ ಕರೆಯುತ್ತಾಳಾ ಹೇಳಿ!

ಈ ಸಲಹೆ ಕೊಡುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಸುಲಭದ ದಾರಿ ತೆರೆದಿದ್ದರೆ ಮಗು ಕಷ್ಟದ ದಾರಿ ಯಾಕೆ ಹಿಡಿಯುತ್ತೆ ಅನ್ನುವುದು ಅವರ ಲೆಕ್ಕ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಮಾತು ಬರುವ ತನಕ ಮಗು ಏನು ಮಾಡಬೇಕು? ಅಜ್ಜಿ ಊರಿಗೆ ಹೋಗುತ್ತಿದ್ದಾರೆ, ಸೋಮವಾರ ಬರುತ್ತಾರೆ ಅನ್ನುವುದನ್ನು ಎರಡೂವರೆ ವರ್ಷದ ಹುಡುಗನಿಗೆ ಹೇಗೆ ಹೇಳುವುದು? ಅವನ ಕಣ್ಣಿಗೆ ಕಾಣಿಸಿದ್ದು ಇಷ್ಟೇ: ಅಜ್ಜಿ ಬ್ಯಾಗು ಹಿಡಿದು ಬಾಗಿಲು ದಾಟಿದರು, ಮಾಯವಾದರು. ನೆಲಕ್ಕೆ ಬಿದ್ದು ಅತ್ತ. ಮನೆಗೆ ಬಂದವರು "ಈ ಥರದ ಮಕ್ಕಳಿಗೆ ಹಠ ಜಾಸ್ತಿ" ಅಂದರು. ಹಠ ಅಲ್ಲ ಅದು. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಅಷ್ಟೇ.

ಸೈನ್, ಅಂದರೆ ಸನ್ನೆ ಭಾಷೆ ಬೇಕಾ, ಮಾತು ಬೇಕಾ ಅಂತ ಜಗಳ ಆಡುವವರು ಮಗುವಿನ ವಯಸ್ಸನ್ನು ಮರೆಯುತ್ತಾರೆ. ಹುಟ್ಟಿದ ಮಗುವಿನ ಕಿವಿಯನ್ನು ಓಎಇ ಅನ್ನುವ ಸಣ್ಣ ಯಂತ್ರದಿಂದ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸಬಹುದು. ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಉತ್ತರ, ಆರು ತಿಂಗಳೊಳಗೆ ಕಿವಿಗೆ ಹಾಕುವ, ಶಬ್ದ ದೊಡ್ಡದು ಮಾಡುವ ಮೆಷಿನ್ ಮತ್ತು ತರಬೇತಿ. ಇದು ಎಲ್ಲ ಕಡೆ ಒಪ್ಪಿಕೊಂಡ ಲೆಕ್ಕ. ನಮ್ಮ ಊರುಗಳಲ್ಲಿ ಆಗುವುದು ಬೇರೆ. "ಅವರಪ್ಪನೂ ತಡವಾಗಿ ಮಾತಾಡಿದ್ದು" ಅಂತ ಒಂದು ವರ್ಷ ಹೋಗುತ್ತದೆ. ಹರಕೆ, ನಾಟಿ ಔಷಧಿ ಅಂತ ಇನ್ನಾರು ತಿಂಗಳು. ಟೆಸ್ಟಿಗೆ ದಿನಾಂಕ ಸಿಗುವ ಹೊತ್ತಿಗೆ ಎರಡು ವರ್ಷ. ಅಲ್ಲಿಂದ ಮುಂದೆ ಮೆಷಿನ್ ಹಾಕಿ, ಅದಕ್ಕೆ ಒಗ್ಗಿ, ಮಾತು ಬರುತ್ತೋ ಇಲ್ಲವೋ ಅಂತ ಗೊತ್ತಾಗಲು ಮತ್ತೆ ಎರಡು ಮೂರು ವರ್ಷ. ಭಾಷೆ ಕಲಿಯಲು ಮಿದುಳು ಅತಿ ಚುರುಕಾಗಿರುವ ಕಾಲವೇ ಇದು. ಮಾತು ಬರದಿದ್ದರೆ ಆಮೇಲೆ ಸೈನ್ ಕಲಿಸೋಣ ಅನ್ನುವುದು ಹದ ಕಳೆದ ಮೇಲೆ ಬಿತ್ತನೆಗೆ ಹೊರಟ ಹಾಗೆ.

ಹೀಗೆ ಹೇಳುವುದಕ್ಕೆ ಆಧಾರ ಇದೆ. ರೇಚಲ್ ಮೇಬೆರಿ ಅನ್ನುವ ಭಾಷಾ ಸಂಶೋಧಕಿ ಮತ್ತು ಅವರ ಜೊತೆಗಾರರು 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಎಳವೆಯಲ್ಲೇ ಸೈನ್ ಕಲಿತ ಕಿವುಡರು ದೊಡ್ಡವರಾದ ಮೇಲೆ ಇಂಗ್ಲಿಷ್ ವಾಕ್ಯಗಳನ್ನು ಎಷ್ಟು ಚೆನ್ನಾಗಿ ಗ್ರಹಿಸುತ್ತಾರೆ ಅಂತ ನೋಡಿದರು. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿತ, ಕಿವಿ ಕೇಳುವ ಜನರಷ್ಟೇ ಚೆನ್ನಾಗಿ ಗ್ರಹಿಸಿದರು. ಎಳವೆಯಲ್ಲಿ ಯಾವ ಭಾಷೆಯೂ ಸರಿಯಾಗಿ ಸಿಗದಿದ್ದವರು ಮಾತ್ರ ತುಂಬಾ ಹಿಂದೆ ಬಿದ್ದರು. ಅಂದರೆ ಸೈನ್ ಬಂದವರಿಗೆ ಮುಂದಿನ ಭಾಷೆ ಕಲಿಯಲು ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಏನೂ ಸಿಗದವರಿಗೆ.

ಹಾಗಾದರೆ "ಕೈ ಆಡಿಸಬೇಡಿ" ಅನ್ನುವುದು ಎಲ್ಲಿಂದ ಬಂತು? ಅದು ಹಳೆಯ ಕಥೆ. 18ನೇ ಶತಮಾನದಲ್ಲೇ ಪ್ಯಾರಿಸ್‌ನಲ್ಲಿ ಡಿ ಲೆಪೆ ಅನ್ನುವ ಪಾದ್ರಿ ಸನ್ನೆಯ ಮೂಲಕ ಪಾಠ ಮಾಡುತ್ತಿದ್ದರು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹೈನಿಕೆ ಅನ್ನುವವರು ಮಾತೇ ಮುಖ್ಯ ಅನ್ನುತ್ತಿದ್ದರು. ಇಬ್ಬರಿಗೂ ಪತ್ರದಲ್ಲಿ ವಾದ ನಡೆದಿತ್ತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಅಂತಾರಾಷ್ಟ್ರೀಯ ಸಭೆ ಸೇರಿತು. ಶಾಲೆಯಲ್ಲಿ ಮಾತಿನ ಪದ್ಧತಿಯೇ ಇರಬೇಕು ಅಂತ ತೀರ್ಮಾನ ಆಯಿತು. ಸಭೆಯಲ್ಲಿ ಕೂತಿದ್ದವರು ಬಹುತೇಕ ಕಿವಿ ಕೇಳುವವರೇ. ಅಲ್ಲಿಂದ ಮುಂದೆ ಎಷ್ಟೋ ದೇಶಗಳಲ್ಲಿ ತರಗತಿಯೊಳಗೆ ಸೈನ್ ನಿಂತುಹೋಯಿತು. ಅದೇ ಹೆಸರಿನ ಸಭೆ 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದಾಗ ಹಳೆಯ ತೀರ್ಮಾನವನ್ನು ತಳ್ಳಿಹಾಕಿ ವಿಷಾದ ಹೇಳಿತು. ಅಷ್ಟರಲ್ಲಿ 130 ವರ್ಷ ಕಳೆದಿತ್ತು. ನಮ್ಮ ದೇಶದಲ್ಲೂ ಶಾಲೆಗಳು ಮಾತಿನ ದಾರಿಯನ್ನೇ ಹಿಡಿದವು. ಮಕ್ಕಳು ಮಾತ್ರ ಹಾಸ್ಟೆಲ್ಲಿನಲ್ಲಿ, ಊಟದ ಸಾಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸೈನ್ ಮಾಡುತ್ತಲೇ ಇದ್ದರು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ತರಗತಿಯಲ್ಲೂ!

ಇಷ್ಟೆಲ್ಲ ಹೇಳಿದೆ ಅಂತ ಮಾತಿನ ತರಬೇತಿ ದಂಡ ಅಂದುಕೊಳ್ಳಬೇಡಿ. ಅದನ್ನು ಹತ್ತಿರದಿಂದ ನೋಡಿದ್ದೇನೆ. ಅಕ್ಕ ಮಗನನ್ನು ಕಟ್ಟಿಕೊಂಡು ಮೈಸೂರಿಗೆ ಹೋಗಿ ಬಾಡಿಗೆ ರೂಮಿನಲ್ಲಿದ್ದಳು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ಪ್ರಿಸ್ಕೂಲಿಗೆ ಬೇರೆ ಬೇರೆ ಜಿಲ್ಲೆಗಳಿಂದ ತಾಯಂದಿರು ಹೀಗೆ ಬರುತ್ತಾರೆ. ಮಗುವಿನ ಜೊತೆ ತಾಯಿಯೂ ಕಲಿಯಬೇಕು. ಬೆಳಗ್ಗೆ ಮೆಷಿನ್ ಹಾಕಿದ ಕೂಡಲೇ ಆರು ಶಬ್ದಗಳ ಪರೀಕ್ಷೆ. ಬಾಯಿ ಕಾಣದ ಹಾಗೆ ಪುಸ್ತಕ ಅಡ್ಡ ಹಿಡಿದು ಆ, ಊ, ಈ, ಶ್, ಸ್, ಮ್ ಅನ್ನಬೇಕು. ಕೇಳಿಸಿದರೆ ಹುಡುಗ ಡಬ್ಬಿಗೆ ಒಂದು ಮಣಿ ಹಾಕಬೇಕು. 'ಮ್' ತಗ್ಗಿನ ಶಬ್ದ, 'ಸ್' ತೀರ ಏರಿನದು. ಮಾತಿನ ಶಬ್ದಗಳೆಲ್ಲ ಹೆಚ್ಚು ಕಡಿಮೆ ಈ ಎರಡರ ನಡುವೆ ಬರುತ್ತವೆ. 'ಸ್'ಗೆ ಮಣಿ ಬೀಳಲಿಲ್ಲ ಅಂದರೆ ಸೆಲ್ ವೀಕ್ ಆಗಿದೆ, ಇಲ್ಲಾ ಕಿವಿಯೊಳಗೆ ಕೂರುವ ಮೌಲ್ಡ್ ಸಡಿಲ ಆಗಿದೆ, ಇಲ್ಲಾ ನೆಗಡಿ. ಮಕ್ಕಳ ಕಿವಿ ಬೆಳೆಯುತ್ತಾ ಇರುತ್ತದಲ್ವಾ, ಮೌಲ್ಡ್ ಆಗಾಗ ಬದಲಿಸದಿದ್ದರೆ ಮೆಷಿನ್ ಕುಯ್ಯೋ ಅಂತ ಶಿಳ್ಳೆ ಹೊಡೆಯುತ್ತದೆ. ಆ ಶಿಳ್ಳೆ ಮನೆಯವರಿಗೆಲ್ಲ ಕೇಳುತ್ತದೆ, ಹಾಕಿಕೊಂಡವನಿಗೆ ಕೇಳುವುದಿಲ್ಲ.

ತುಟಿ ನೋಡಿ ಮಾತು ತಿಳಿಯುವುದು ಎಷ್ಟು ಕಷ್ಟ ಅಂತ ಗೊತ್ತಾಗಬೇಕಾದರೆ ಕನ್ನಡಿ ಮುಂದೆ ನಿಂತು 'ಮರ', 'ಬರ', 'ಪರ' ಅಂತ ಶಬ್ದ ಮಾಡದೆ ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. 'ಕ' ಮತ್ತು 'ಗ' ಹುಟ್ಟುವುದು ಗಂಟಲ ಹತ್ತಿರ, ಹೊರಗೆ ಕಾಣುವುದೇ ಇಲ್ಲ. 'ಲ'ಗೂ 'ಳ'ಗೂ ನಾಲಿಗೆ ಎಲ್ಲಿ ತಾಗಿತು ಅಂತ ಯಾರು ನೋಡುತ್ತಾರೆ? ಅದಕ್ಕೇ 'ಪ' ಕಲಿಸುವಾಗ ಬಾಯಿ ಮುಂದೆ ಕಾಗದದ ಚೂರು ಹಿಡಿದು ಅದು ಹಾರುವುದನ್ನು ತೋರಿಸುತ್ತಾರೆ. 'ಬ'ಗೆ ಕೈಯನ್ನು ಗಂಟಲ ಮೇಲಿಟ್ಟು ನಡುಕ ತೋರಿಸುತ್ತಾರೆ. ಒಂದೊಂದು ಅಕ್ಷರಕ್ಕೂ ವಾರಗಟ್ಟಲೆ ಕೆಲಸ. ನಮ್ಮ ಹುಡುಗ 'ಅಮ್ಮ' ಅಂದ ದಿನ ಅಕ್ಕ ಊರಿಗೆಲ್ಲ ಫೋನ್ ಮಾಡಿದ್ದಳು. ಅಂಥ ದಿನವನ್ನು ಯಾರ ಸಿದ್ಧಾಂತಕ್ಕೂ ಬಿಟ್ಟುಕೊಡಲು ಆಗುವುದಿಲ್ಲ.

ಆಮೇಲೆ ಇಂಪ್ಲಾಂಟ್ ಆಯಿತು. ಅಂದರೆ ಆಪರೇಷನ್ ಮಾಡಿ ಒಳಕಿವಿಯಲ್ಲಿ ಎಲೆಕ್ಟ್ರೋಡ್‌ಗಳನ್ನು ಕೂರಿಸಿ, ಹೊರಗೆ ಪ್ರೊಸೆಸರ್ ಅನ್ನುವ ಮೆಷಿನ್ ಹಾಕುವುದು. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯನ್ನು 2014ರಲ್ಲಿ ಪರಿಷ್ಕರಿಸಿದಾಗ, ಅರ್ಹ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್‌ಗೆ ತಲಾ 6 ಲಕ್ಷ ರೂಪಾಯಿವರೆಗೆ ನೆರವು ಸಿಗುವ ಹಾಗೆ ಮಾಡಿದರು. ನಮ್ಮಂಥ ಮನೆಗಳಿಗೆ ಅದು ಚಿಕ್ಕ ಮಾತಲ್ಲ. ಆದರೆ ಆಪರೇಷನ್ ಆದರೆ ಮುಗಿಯಿತು ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಒಳಕಿವಿಯ ಸಾವಿರಾರು ರೋಮಕೋಶಗಳು ಮಾಡಬೇಕಾದ ಕೆಲಸವನ್ನು ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡ್‌ಗಳು ಮಾಡಬೇಕು. ಅದಕ್ಕೆ ಮ್ಯಾಪಿಂಗ್, ಅಂದರೆ ಮಗುವಿಗೆ ತಕ್ಕ ಹಾಗೆ ಮೆಷಿನ್ ಹೊಂದಿಸುವುದು, ಆಮೇಲೆ ವರ್ಷಗಟ್ಟಲೆ ಥೆರಪಿ. ಬೇಗ ಹಾಕಿಸಿದವರು, ದಿನವಿಡೀ ಮೆಷಿನ್ ಹಾಕಿಕೊಂಡವರು, ಒಳ್ಳೆಯ ಥೆರಪಿ ಸಿಕ್ಕವರು ಎಷ್ಟೋ ಜನ ಚೆನ್ನಾಗಿ ಮಾತಾಡುತ್ತಾರೆ, ಮಾಮೂಲಿ ಶಾಲೆಗೆ ಹೋಗುತ್ತಾರೆ. ಎಲ್ಲರಿಗೂ ಹಾಗಾಗುವುದಿಲ್ಲ. ಯಾರಿಗೆ ಎಷ್ಟು ಒಲಿಯುತ್ತದೆ ಅಂತ ಮೊದಲೇ ಬರೆದುಕೊಡುವ ಡಾಕ್ಟರ್ ಇಲ್ಲ. ಮತ್ತೆ, ಸ್ನಾನಕ್ಕೆ ಮೆಷಿನ್ ತೆಗೆದರೆ, ಮಲಗುವಾಗ ತೆಗೆದರೆ, ಬ್ಯಾಟರಿ ಮುಗಿದರೆ, ಮಗು ಮತ್ತೆ ಕಿವುಡೇ. ಹೊರಗಿನ ಪ್ರೊಸೆಸರ್ ಕೆಟ್ಟರೆ ರಿಪೇರಿಗೆ ದುಡ್ಡು ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಉತ್ತರ ಇಲ್ಲದೆ ಮೆಷಿನ್ ಬೀರುವಿನಲ್ಲಿ ಕೂತಿದೆ.

ಇನ್ನೊಂದು ವಿಷಯ, ಕರ್ನಾಟಕದಲ್ಲಿ ಇದು ತುಂಬಾ ಕಾಣುತ್ತದೆ. ಮೈಸೂರಿನಲ್ಲಿ ಅಕ್ಕನ ಪಕ್ಕದ ರೂಮಿನಲ್ಲಿ ಪುತ್ತೂರು ಕಡೆಯ ಒಬ್ಬ ತಾಯಿ ಇದ್ದರು. ಮನೆಮಾತು ತುಳು. ಥೆರಪಿಗೆ ಒಂದೇ ಭಾಷೆ ಇಟ್ಟುಕೊಳ್ಳಿ ಅಂತ ಸಲಹೆ ಸಿಕ್ಕಿ, ಕನ್ನಡ ಅಂತ ಆಯಿತು. ಅವರಿಗೆ ಕನ್ನಡ ಚೆನ್ನಾಗೇ ಬರುತ್ತಿತ್ತು. ಆದರೆ ಮಗುವನ್ನು ಮುದ್ದು ಮಾಡುವುದು, ಬೈಯುವುದು, ಲಾಲಿ ಹಾಡುವುದು ಎಲ್ಲ ತುಳುವಿನಲ್ಲಿ. ಊರಿಗೆ ಹೋದರೆ ಅಜ್ಜ ಅಜ್ಜಿ, ಅಕ್ಕಪಕ್ಕದವರು ಎಲ್ಲ ತುಳು. ಮಗುವಿನ ಜೊತೆ ಮಾತ್ರ ಪಾಠ ಒಪ್ಪಿಸುವ ಹಾಗೆ ಕನ್ನಡ. ಮನೆಯಲ್ಲಿ ಉರ್ದು, ತೆಲುಗು, ಕೊಂಕಣಿ ಆಡುವವರ ಪಾಡೂ ಇದೇ. ಇದರ ಮೇಲೆ ಇಂಗ್ಲಿಷ್ ಮೀಡಿಯಂ ಆಸೆ ಬೇರೆ. ಎರಡು ಮೂರು ಮಾತುಗಳನ್ನು ಹೊರಿಸಲು ಹಿಂಜರಿಯದ ನಾವು ಸೈನ್ ಅಂದ ಕೂಡಲೇ "ಮಗುವಿಗೆ ಗೊಂದಲ ಆಗುತ್ತೆ" ಅನ್ನುತ್ತೇವೆ!

ಸರಿ, ಸೈನ್ ಬೇಕು ಅಂತ ಒಪ್ಪಿದೆವು ಅಂತಿಟ್ಟುಕೊಳ್ಳಿ. ಯಾರ ಜೊತೆ ಆಡುವುದು? ಸೈನ್ ಪರ ಮಾತಾಡುವವರು ಇಲ್ಲಿ ಸ್ವಲ್ಪ ಜಾರಿಕೊಳ್ಳುತ್ತಾರೆ ಅಂತ ನನ್ನ ದೂರು. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳ ಅಪ್ಪ ಅಮ್ಮನಿಗೆ ಕಿವಿ ಕೇಳುತ್ತದೆ. ಅವರಿಗೆ ಸೈನ್ ಗೊತ್ತಿರುವುದಿಲ್ಲ. ಭಾಷೆ ಅನ್ನುವುದು ಪಾಠ ಮಾಡಿ ಬರುವುದಲ್ಲ, ಸುತ್ತ ಆಡುವವರು ಇದ್ದಾಗ ಬರುವುದು.

ಸುತ್ತ ಆಡುವವರು ಇದ್ದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರ ಇದೆಯಲ್ಲ, ಶಿಯಾ ಮುಸ್ಲಿಮರ ದೊಡ್ಡ ಊರು, ಹರಳಿನ ವ್ಯಾಪಾರಕ್ಕೆ ಹೆಸರಾದದ್ದು. ಅಲ್ಲಿ ವಂಶಪಾರಂಪರ್ಯವಾಗಿ ಕಿವುಡುತನ ಜಾಸ್ತಿ. ಸುಮಾರು 150 ಕಿವುಡರಿದ್ದಾರೆ ಅಂತ ಅಧ್ಯಯನಗಳು ಹೇಳುತ್ತವೆ. ಆ ಊರಿನಲ್ಲಿ ತಾನಾಗಿಯೇ ಒಂದು ಸನ್ನೆ ಭಾಷೆ ಹುಟ್ಟಿಕೊಂಡಿದೆ. ಸಂಶೋಧಕ ಸಿಬಾಜಿ ಪಾಂಡಾ ಅದನ್ನು ದಾಖಲಿಸಿದ್ದಾರೆ. ಭಾಷಾಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಅಲೀಪುರ ಸೈನ್ ಲ್ಯಾಂಗ್ವೇಜ್ ಅಂತಲೇ ಹೆಸರು. ಕಿವಿ ಕೇಳುವ ನೆಂಟರು, ನೆರೆಯವರಿಗೂ ಅದು ಬರುತ್ತದೆ. ಬೆಂಗಳೂರಿನಿಂದ ನೂರು ಕಿಲೋಮೀಟರ್ ಒಳಗೇ ಇಂಥದ್ದೊಂದು ಊರಿದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬೇರೆ ಊರಿನಲ್ಲಿ ಒಂಟಿಯಾಗಿ ಹುಟ್ಟಿದ ಕಿವುಡ ಮಗುವಿಗೆ ಈ ಭಾಗ್ಯ ಇಲ್ಲ. ಅದು ಮನೆಯವರ ಜೊತೆ ಊಟ, ನೀರು, ನಿದ್ದೆ ಅನ್ನುವಷ್ಟು ಸನ್ನೆ ಮಾಡಿಕೊಂಡಿರುತ್ತದೆ. ಅಷ್ಟರಲ್ಲಿ "ಯಾಕೆ" ಅಂತ ಕೇಳಲು ಆಗುವುದಿಲ್ಲ.

ಭಾರತೀಯ ಸನ್ನೆ ಭಾಷೆ ಬರೀ ಕೈಸನ್ನೆ ಅಲ್ಲ, ಅದಕ್ಕೆ ತನ್ನದೇ ವ್ಯಾಕರಣ ಇದೆ. 1970ರ ದಶಕದ ಕೊನೆಯಲ್ಲಿ ಮದನ್ ವಸಿಷ್ಠ, ವುಡ್‌ವರ್ಡ್, ವಿಲ್ಸನ್ ಅನ್ನುವವರು ದೆಹಲಿ, ಕಲ್ಕತ್ತಾ, ಮುಂಬೈ, ಬೆಂಗಳೂರುಗಳ ಸೈನ್‌ಗಳನ್ನು ಹೋಲಿಸಿ ನೋಡಿದ್ದರು. ಊರಿಂದ ಊರಿಗೆ ಪದ ಬದಲಾದರೂ ಬಹುಪಾಲು ಒಂದೇ ಭಾಷೆ. ಇದಕ್ಕಾಗಿಯೇ ದೆಹಲಿಯಲ್ಲಿ ಒಂದು ರಾಷ್ಟ್ರೀಯ ಕೇಂದ್ರ 2015ರಲ್ಲಿ ಶುರುವಾಯಿತು. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಹೊರಟು 2021ರಲ್ಲಿ 10,000ಕ್ಕೆ ಮುಟ್ಟಿತು. 2020ರ ಶಿಕ್ಷಣ ನೀತಿಯಲ್ಲಿ ದೇಶಕ್ಕೆಲ್ಲ ಸೈನ್ ಭಾಷೆಯ ಒಂದು ಪ್ರಮಾಣಿತ ರೂಪ ತರುವ ಮಾತಿದೆ. ಕಾಗದದಲ್ಲಿ ಎಲ್ಲ ಚೆನ್ನಾಗಿದೆ. 2011ರ ಜನಗಣತಿ ಪ್ರಕಾರ ಕೇಳುವ ತೊಂದರೆ ಇರುವವರು 50 ಲಕ್ಷ. ನಿಮ್ಮ ತಾಲ್ಲೂಕಿನಲ್ಲಿ ಸೈನ್ ಕಲಿಸುವವರು ಎಷ್ಟು ಜನ ಇದ್ದಾರೆ ಅಂತ ಒಮ್ಮೆ ವಿಚಾರಿಸಿ ನೋಡಿ.

ಶಾಲೆಯಲ್ಲಿ ಎರಡನ್ನೂ ಹೇಗೆ ಹೊಂದಿಸುವುದು? ಸಾಮಾನ್ಯವಾಗಿ ಮಾಡುವುದು ಏನೆಂದರೆ, ಟೀಚರ್ ಬಾಯಲ್ಲಿ ಕನ್ನಡ ಆಡುತ್ತಾ ಜೊತೆಗೇ ಕೈಯಲ್ಲಿ ಸೈನ್ ಮಾಡುತ್ತಾರೆ. ನೋಡಲು ಚೆಂದ. ಆದರೆ ಬಾಯಿ ಓಡಿದ ವೇಗಕ್ಕೆ ಕೈ ಓಡುವುದಿಲ್ಲ. ಮೂರು ಪದಕ್ಕೆ ಒಂದು ಸೈನ್ ಉಳಿಯುತ್ತದೆ. ಸೈನ್‌ನಲ್ಲಿ ಮುಖಭಾವ, ದಿಕ್ಕು, ಜಾಗ ಎಲ್ಲವೂ ವ್ಯಾಕರಣ. ಬಾಯಿ ಕನ್ನಡ ಆಡುವುದರಲ್ಲಿ ಮಗ್ನವಾಗಿದ್ದರೆ ಅದೆಲ್ಲ ಬಿದ್ದುಹೋಗುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಎರಡನ್ನೂ ಕಲೆಸುವುದಕ್ಕಿಂತ ಬೇರೆ ಬೇರೆ ಹೊತ್ತಿನಲ್ಲಿ ಪೂರ್ತಿ ಕೊಡುವುದು ಒಳ್ಳೆಯದು. ಸಮಾಜ, ವಿಜ್ಞಾನ ಪಾಠ ಸೈನ್‌ನಲ್ಲಿ ಆಗಲಿ, ಮಾತಿನ ತರಬೇತಿ ಅದರ ಹೊತ್ತಿನಲ್ಲಿ ಆಗಲಿ.

ಈ ಜಗಳದಲ್ಲಿ ಇಬ್ಬರೂ ಮರೆಯುವ ಮೂರನೆಯವರೊಬ್ಬರಿದ್ದಾರೆ. ಬರೆಯುವ ಕನ್ನಡ. ಎಷ್ಟೋ ಕಿವುಡ ಮಕ್ಕಳು "ನಾಯಿ ಹುಡುಗ ಕಚ್ಚು" ಅಂತ ಬರೆಯುತ್ತಾರೆ. ಯಾರು ಯಾರನ್ನು ಕಚ್ಚಿದರು? ಕನ್ನಡದಲ್ಲಿ ಆ ಸುದ್ದಿ ಇರುವುದೇ ಬಾಲದಲ್ಲಿ: ಅನ್ನು, ಇಗೆ, ಇಂದ, ಅಲ್ಲಿ. ಈ ಬಾಲಗಳನ್ನು ನಾವು ಮಾತಾಡುವಾಗ ಮೆಲ್ಲಗೆ ನುಂಗಿಬಿಡುತ್ತೇವೆ. ಮೆಷಿನ್‌ಗೆ ಸಿಗುವುದಿಲ್ಲ, ತುಟಿಯಲ್ಲಿ ಕಾಣುವುದಿಲ್ಲ. ಒಂದು ವಿಶೇಷ ಶಾಲೆಯಲ್ಲಿ ಟೀಚರ್ ಒಬ್ಬರು ಇದನ್ನು ಕಲಿಸಿದ ರೀತಿ ನೋಡಿದೆ. ಮೊದಲು ಸೈನ್‌ನಲ್ಲಿ ನಾಯಿಯನ್ನು ಎಡಕ್ಕೆ ಇಟ್ಟರು, ಹುಡುಗನನ್ನು ಬಲಕ್ಕೆ ಇಟ್ಟರು, ಕಚ್ಚುವ ಕೈಯನ್ನು ಎಡದಿಂದ ಬಲಕ್ಕೆ ತಂದರು. ಮಕ್ಕಳು ನಕ್ಕರು. ಆಮೇಲೆ ಕೈಯನ್ನು ಬಲದಿಂದ ಎಡಕ್ಕೆ ತಂದರು. ಹುಡುಗನೇ ನಾಯಿಯನ್ನು ಕಚ್ಚಿದ! ಇನ್ನೂ ಜೋರು ನಗು. ಆಗ ಬೋರ್ಡಿನ ಮೇಲೆ ಎರಡೂ ವಾಕ್ಯ ಬರೆದು 'ಅನ್ನು' ಬರುವ ಜಾಗಕ್ಕೆ ಮಾತ್ರ ಕೆಂಪು ಸೀಮೆಸುಣ್ಣ ಹಚ್ಚಿದರು. ಕೈ ಯಾವ ಕಡೆ ಹೋಗುತ್ತೋ ಅಲ್ಲಿ ಕೆಂಪು. ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು ತಾನೇ 'ಬೆಕ್ಕು ಇಲಿಯನ್ನು' ಅಂತ ಬರೆದಳು. ಸೈನ್ ಇಲ್ಲದೆ ಈ ಪಾಠ ಮಾಡಲು ಸಾಧ್ಯವೇ ಇರಲಿಲ್ಲ. ಕನ್ನಡ ಬರದ ಟೀಚರ್‌ಗೂ ಸಾಧ್ಯ ಇರಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡುವ ಅವಕಾಶ ಇದೆ. ಬೇಕಾದದ್ದೇ. ಆದರೆ ವಿನಾಯಿತಿ ಸಿಕ್ಕಿತು ಅಂತ ಉಳಿದ ಒಂದು ಭಾಷೆಯನ್ನೂ ಗೈಡ್ ನೋಡಿ ಬಾಯಿಪಾಠ ಮಾಡಿಸಿ ಪಾಸು ಮಾಡಿಸುವ ಕಡೆಗಳೂ ಇವೆ. ಹತ್ತನೇ ಕ್ಲಾಸ್ ಸರ್ಟಿಫಿಕೇಟ್ ಇರುತ್ತದೆ, ಬ್ಯಾಂಕ್ ಫಾರಂ ಓದಲು ಬರುವುದಿಲ್ಲ.

ಅಕ್ಕನ ಪರಿಚಯದವರು ಈಗಲೂ ಫೋನ್ ಮಾಡಿ "ಇಂಪ್ಲಾಂಟ್ ಮಾಡಿಸೋದಾ, ಸೈನ್ ಕಲಿಸೋದಾ" ಅಂತ ಕೇಳುತ್ತಾರೆ. ಅವಳದು ಒಂದೇ ಉತ್ತರ. ಡಾಕ್ಟರ್ ಆಗುತ್ತೆ ಅಂದರೆ ಇಂಪ್ಲಾಂಟ್ ಮಾಡಿಸಿ, ಕಾಯಬೇಡಿ. ಮೆಷಿನ್ ದಿನಾ ಹಾಕಿ. ಆಪರೇಷನ್‌ಗೆ ದಿನಾಂಕ ಸಿಗುವ ತನಕ ಕೈ ಕಟ್ಟಿ ಕೂರಬೇಡಿ, ಇವತ್ತೇ ಫೋನಿನಲ್ಲಿ ಸೈನ್ ಕಲಿಸುವ ವಿಡಿಯೋ ಹಾಕಿ ನೋಡಿ. ಅಜ್ಜಿ, ತಾತ, ಅಣ್ಣ ತಂಗಿ ಎಲ್ಲ ಕಲಿಯಲಿ, ತಾಯಿಯೊಬ್ಬಳೇ ಅಲ್ಲ. ತಿಂಗಳಿಗೊಮ್ಮೆಯಾದರೂ ಕಿವುಡ ದೊಡ್ಡವರು ಸೇರುವ ಕಡೆ ಮಗುವನ್ನು ಕರೆದುಕೊಂಡು ಹೋಗಿ. ದೊಡ್ಡ ಕಿವುಡರನ್ನೇ ನೋಡದೆ ಬೆಳೆದ ಮಕ್ಕಳಿಗೆ ತಾವು ದೊಡ್ಡವರಾದ ಮೇಲೆ ಏನಾಗುತ್ತೇವೆ ಅನ್ನುವ ಅಂದಾಜೇ ಇರುವುದಿಲ್ಲ ಅಂತ ಅವಳು ಹೇಳುತ್ತಾಳೆ. ನಮ್ಮ ಹುಡುಗ ಸೈನ್ ಕಲಿತದ್ದು ಎಂಟು ವರ್ಷ ಆದ ಮೇಲೆ. ಅಲ್ಲಿಂದ ಒಂದು ವರ್ಷದೊಳಗೆ ಅವನ ಬರವಣಿಗೆ ಬೆಳೆಯಿತು. ಮಾತು ಕಡಿಮೆ ಆಗಲಿಲ್ಲ, ಪ್ರಶ್ನೆ ಕೇಳಲು ಶುರು ಮಾಡಿದ್ದರಿಂದ ಜಾಸ್ತಿಯೇ ಆಯಿತು.

ಈಗ ಅವನಿಗೆ ಹದಿನಾಲ್ಕು. ಮನೆಯಲ್ಲಿ ಮಾತು, ಗೆಳೆಯರ ಜೊತೆ ಸೈನ್, ವಾಟ್ಸ್ಯಾಪಿನಲ್ಲಿ ಕನ್ನಡ. ಅಪರಿಚಿತರಿಗೆ ಅವನ ಮಾತು ಅರ್ಧ ಅರ್ಥ ಆಗುತ್ತದೆ, ಅದಕ್ಕೆ ಅವನಿಗೆ ಸಿಟ್ಟು ಬರುತ್ತದೆ. ಇತ್ತೀಚೆಗೆ ಹೊಸ ಜಗಳ ಶುರುವಾಗಿದೆ. ಗೆಳೆಯರ ಜೊತೆ ಇರುವಾಗ ಪ್ರೊಸೆಸರ್ ಹಾಕಲ್ಲ ಅನ್ನುತ್ತಾನೆ. "ಅಲ್ಲಿ ಯಾರೂ ಮಾತಾಡಲ್ಲ, ಬರೀ ಗಲಾಟೆ ಕೇಳಿಸುತ್ತೆ, ತಲೆನೋವು" ಅನ್ನುವುದು ಅವನ ವಾದ. ಇಷ್ಟು ಖರ್ಚು, ಇಷ್ಟು ವರ್ಷದ ಥೆರಪಿ ಅಂತ ಅಕ್ಕನ ಕಣ್ಣಲ್ಲಿ ನೀರು. ಕೊನೆಗೆ ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡಿದ್ದಾರೆ. ಶಾಲೆಯಲ್ಲಿ, ಮನೆಯಲ್ಲಿ ಹಾಕಬೇಕು. ಭಾನುವಾರ ಸಂಜೆ ಅವನ ಇಷ್ಟ. ಹತ್ತನೇ ಕ್ಲಾಸ್ ಮುಗಿಯುವ ತನಕ ಹೀಗೆ, ಆಮೇಲೆ ಮತ್ತೆ ಚರ್ಚೆ ಅಂತೆ. ಷರತ್ತುಗಳನ್ನೆಲ್ಲ ಅವನೇ ಒಂದು ಹಾಳೆಯಲ್ಲಿ ಬರೆದು ಅಮ್ಮನ ಹತ್ತಿರ ಸಹಿ ಹಾಕಿಸಿಕೊಂಡಿದ್ದಾನೆ.